ಎಂಟು ಅಂಕಿಯ ಹಿಂದೆ ಒಂದು ಶತಮಾನ: ಆಂಟಿಮನಿ ಕಥೆ

(1/6)
ಹೋದ ವಾರ ಇಂಟರ್ನಲ್ ಟೆಸ್ಟಲ್ಲಿ ಒಂದು ಪ್ರಶ್ನೆ ಬಂತು. ಆಂಟಿಮನಿ ಸ್ಕ್ರ್ಯಾಪ್ ಆಮದು ಮಾಡಿದ್ರೆ ಕಸ್ಟಮ್ಸ್ ಟ್ಯಾರಿಫ್‌ನಲ್ಲಿ ಯಾವ ಹೆಡಿಂಗ್? ನಾನು ಧೈರ್ಯವಾಗಿ 7802 ಅಂತ ಬರೆದೆ. ಅದು ಸೀಸದ ಸ್ಕ್ರ್ಯಾಪ್. ಆಂಟಿಮನಿ ಅಂದ್ರೆ ಬ್ಯಾಟರಿ, ಬ್ಯಾಟರಿ ಅಂದ್ರೆ ಸೀಸ ಅಂತ ತಲೇಲಿ ಕೂತುಬಿಟ್ಟಿತ್ತು. ಸರಿ ಉತ್ತರ 8110 20 00. ನಂಗೆ ಹೋಗಿದ್ದು ಎರಡೇ ಮಾರ್ಕ್ಸ್. ಇದೇ ತಪ್ಪು ಬಂದರಿನಲ್ಲಿ ಆದ್ರೆ? ಆ ನಂಬರ್ ಎಲ್ಲಿಂದ ಬಂತು ಅಂತ ಹುಡುಕಿದೆ. ಸಿಕ್ಕಿದ್ದು ಒಂದು ಇತಿಹಾಸ.

(2/6)
ಮೊದಲು ಲೋಹದ ಪರಿಚಯ. ಆಂಟಿಮನಿಯ ಚಿಹ್ನೆ ಎಸ್‌ಬಿ, ಸ್ಟಿಬಿಯಂ ಅನ್ನೋ ಲ್ಯಾಟಿನ್ ಹೆಸರಿಂದ. ಇದರ ಅದಿರನ್ನ ಪುಡಿ ಮಾಡಿ ಕಣ್ಣಿಗೆ ಸುರ್ಮಾ ಅಂತ ಹಚ್ಚೋದು ಬಹಳ ಹಳೇ ರೂಢಿ. ಇದು ಒಂಟಿಯಾಗಿ ಕೆಲಸ ಮಾಡೋದು ಕಡಿಮೆ. ಮೆತ್ತಗಿರೋ ಸೀಸಕ್ಕೆ ಸ್ವಲ್ಪ ಬೆರೆಸಿದ್ರೆ ಸೀಸ ಗಟ್ಟಿಯಾಗುತ್ತೆ. ಬ್ಯಾಟರಿ ಪ್ಲೇಟಲ್ಲಿ ಇದೆ. ನಮ್ಮ ತಾತಂದಿರ ಕಾಲದ ಕನ್ನಡ ಪುಸ್ತಕಗಳನ್ನ ಮುದ್ರಿಸಿದ ಅಚ್ಚುಮೊಳೆಗಳೂ ಸೀಸ, ತವರ, ಆಂಟಿಮನಿ ಬೆರೆತ ಲೋಹವೇ.

(3/6)
ಈಗ ನಂಬರಿನ ಕಥೆ. ನೂರು ವರ್ಷದ ಹಿಂದೆ ಒಂದೊಂದು ದೇಶಕ್ಕೆ ಒಂದೊಂದು ಟ್ಯಾರಿಫ್ ಪಟ್ಟಿ. ಒಂದೇ ಸರಕಿಗೆ ಇಲ್ಲೊಂದು ಹೆಸರು, ಅಲ್ಲೊಂದು ಹೆಸರು. ಸುಂಕ ಎಷ್ಟು ಅನ್ನೋದಕ್ಕಿಂತ ಮೊದಲು ಈ ಸರಕು ಏನು ಅನ್ನೋದೇ ಜಗಳ. 1927ರಲ್ಲಿ ಜಿನೀವಾದಲ್ಲಿ ಲೀಗ್ ಆಫ್ ನೇಷನ್ಸ್ ನಡೆಸಿದ ವಿಶ್ವ ಆರ್ಥಿಕ ಸಮ್ಮೇಳನ, ಎಲ್ಲರಿಗೂ ಒಂದೇ ಪಟ್ಟಿ ಬೇಕು ಅಂತ ಹೇಳ್ತು. ಪಟ್ಟಿ ತಯಾರಾಯ್ತು, 1937ರಲ್ಲಿ ಪರಿಷ್ಕರಣೆನೂ ಆಯ್ತು. ಅಷ್ಟರಲ್ಲಿ ಯುದ್ಧ. ಆಮೇಲೆ 1950ರಲ್ಲಿ ಬ್ರಸೆಲ್ಸ್ ಒಪ್ಪಂದ, 1959ರಿಂದ ಬ್ರಸೆಲ್ಸ್ ಟ್ಯಾರಿಫ್ ಪಟ್ಟಿ ಜಾರಿ. ಅದರಲ್ಲಿ ಆಂಟಿಮನಿಗೆ ಸ್ವಂತ ಮನೆ ಇರಲಿಲ್ಲ. 81.04, ಅಂದ್ರೆ 'ಇತರ ಮೂಲ ಲೋಹಗಳು' ಅನ್ನೋ ವಠಾರದಲ್ಲಿ ಬಿಸ್ಮತ್, ಕೋಬಾಲ್ಟ್ ಜೊತೆ ಬಾಡಿಗೆಗೆ ಇತ್ತು.

(4/6)
1983ರಲ್ಲಿ ಹಾರ್ಮೊನೈಸ್ಡ್ ಸಿಸ್ಟಮ್, ನಾವು ಎಚ್‌ಎಸ್ ಅಂತೀವಲ್ಲ, ಅದರ ಒಪ್ಪಂದ ಆಯ್ತು. 1988ರ ಜನವರಿ 1ಕ್ಕೆ ಜಾರಿ. ಆಂಟಿಮನಿಗೆ ಸ್ವಂತ ಹೆಡಿಂಗ್ ಸಿಕ್ತು: 8110. ಮಜಾ ಗೊತ್ತಾ? ಭಾರತ ಅದಕ್ಕೂ ಮೊದಲೇ, 1986ರ ಫೆಬ್ರವರಿಯಲ್ಲೇ, 1975ರ ಕಸ್ಟಮ್ಸ್ ಟ್ಯಾರಿಫ್ ಕಾಯ್ದೆಯ ಪಟ್ಟಿಯನ್ನ ಎಚ್‌ಎಸ್‌ಗೆ ಹೊಂದಿಸಿಕೊಂಡಿತ್ತು. ಆದ್ರೆ 8110ರಲ್ಲಿ ಗಟ್ಟಿ, ಪುಡಿ, ಸ್ಕ್ರ್ಯಾಪ್ ಎಲ್ಲಾ ಒಟ್ಟಿಗೇ. 2002ರ ಪರಿಷ್ಕರಣೆಯಲ್ಲಿ ಮನೆ ಪಾಲಾಯ್ತು: ಕಚ್ಚಾ ಲೋಹ ಮತ್ತು ಪುಡಿ 8110.10, ಸ್ಕ್ರ್ಯಾಪ್ 8110.20, ಉಳಿದದ್ದು 8110.90. ರಾಸಾಯನಿಕ ಉದ್ಯಮದ ತ್ಯಾಜ್ಯ, ಮುನಿಸಿಪಾಲಿಟಿ ಕಸಕ್ಕೆ 3825 ಅನ್ನೋ ಹೊಸ ಹೆಡಿಂಗ್ ಬಂದಿದ್ದೂ ಅದೇ ವರ್ಷ. ಅಂದ್ರೆ ಜಗತ್ತು ಕಸವನ್ನ ಬೇರೆ ಲೆಕ್ಕ ಇಡೋಕೆ ಶುರು ಮಾಡಿತ್ತು.

(5/6)
ಪರೀಕ್ಷೆಗೆ ಬೇಕಾಗೋ ಭಾಗ, ಸೇವ್ ಮಾಡ್ಕೊಳ್ಳಿ.
ಮಿಶ್ರಲೋಹ ಆದ್ರೆ ತೂಕದಲ್ಲಿ ಯಾವುದು ಹೆಚ್ಚೋ ಅದರ ಅಧ್ಯಾಯ. ಹಾಗಾಗಿ ಆಂಟಿಮನಿ ಬೆರೆತ ಕಚ್ಚಾ ಸೀಸ 7801.91.
ಕೆಲಸಕ್ಕೆ ಬಾರದ ಅಚ್ಚುಮೊಳೆಯ ಗುಜರಿಯಲ್ಲಿ ಸೀಸವೇ ಜಾಸ್ತಿ, ಅದು 7802.
ಹಾಳಾದ ಲೆಡ್ ಆಸಿಡ್ ಬ್ಯಾಟರಿ 2022ರಿಂದ 8549.
ಆಂಟಿಮನಿ ಅದಿರು 2617.10, ಆಕ್ಸೈಡ್ 2825.80.
ಸ್ಕ್ರ್ಯಾಪ್ ಅನ್ನಿಸಿಕೊಳ್ಳೋಕೆ ವಸ್ತು ಹಳೇದಾದ್ರೆ ಸಾಲದು. ಮುರಿದು, ಸವೆದು, ಇದ್ದ ಹಾಗೇ ಬಳಸೋಕೆ ಖಂಡಿತ ಆಗಲ್ಲ ಅನ್ನೋ ಸ್ಥಿತಿ ಇರಬೇಕು.
ನಾನು ಬರೆದ 7802 ಯಾಕೆ ತಪ್ಪು ಅಂತ ಈಗ ಗೊತ್ತಾಯ್ತಲ್ವಾ? ಲೋಹ ಎಲ್ಲಿ ಬಳಕೆ ಆಗುತ್ತೆ ಅಂತ ಯೋಚಿಸಿದೆ. ಕೇಳಬೇಕಿದ್ದದ್ದು ಈ ಸರಕಿನಲ್ಲಿ ಏನಿದೆ ಅಂತ.

(6/6)
ಕೊನೆಗೆ, ಇದೆಲ್ಲ ಯಾಕೆ ಮುಖ್ಯ? 2011ರಿಂದ ನಮ್ಮಲ್ಲಿ ಸೆಲ್ಫ್ ಅಸೆಸ್‌ಮೆಂಟ್. ಬಿಲ್ ಆಫ್ ಎಂಟ್ರಿಯಲ್ಲಿ ನಂಬರ್ ಹಾಕೋನು ಆಮದುದಾರನೇ. ಸುಂಕ ಕಡಿಮೆ ಬಿದ್ದಿದ್ರೆ ಎರಡು ವರ್ಷದೊಳಗೆ ನೋಟಿಸ್ ಬರಬಹುದು. ಬೇಕಂತಲೇ ಸುಳ್ಳು ಹೇಳಿದ್ರೆ ಐದು ವರ್ಷ. ಡೌಟ್ ಇದ್ರೆ ಮೊದಲೇ ಅಡ್ವಾನ್ಸ್ ರೂಲಿಂಗ್ ಕೇಳೋ ದಾರಿನೂ ಇದೆ.
ಇನ್ನೂ ದೊಡ್ಡ ಆಟ ದೇಶಗಳ ನಡುವೆ. 2023ರಲ್ಲಿ ಭಾರತ ಪ್ರಕಟಿಸಿದ 30 ನಿರ್ಣಾಯಕ ಖನಿಜಗಳ ಪಟ್ಟಿಯಲ್ಲಿ ಆಂಟಿಮನಿ ಇದೆ. 2024ರ ಸೆಪ್ಟೆಂಬರಿಂದ ಚೀನಾ ಇದರ ರಫ್ತಿಗೆ ಲೈಸೆನ್ಸ್ ಕಡ್ಡಾಯ ಮಾಡ್ತು, ಡಿಸೆಂಬರಲ್ಲಿ ಅಮೆರಿಕಕ್ಕೆ ಕಳಿಸೋದನ್ನೇ ನಿಲ್ಲಿಸ್ತು. ಗಣಿಯಿಂದ ಬರದಿದ್ರೆ ಲೋಹ ಗುಜರಿಯಿಂದಲೇ ಬರಬೇಕು. 2025ರ ಬಜೆಟ್‌ನಲ್ಲಿ ನಮ್ಮ ಸರ್ಕಾರ ಸೀಸ, ಸತು ಮತ್ತು ಇನ್ನೂ 12 ನಿರ್ಣಾಯಕ ಖನಿಜಗಳ ಸ್ಕ್ರ್ಯಾಪ್‌ಗೆ ಸುಂಕ ತೆಗೆದಿದ್ದು ಅದಕ್ಕೇ. ಸ್ಕ್ರ್ಯಾಪ್‌ಗೆ ಅಂತ ಬೇರೆ ನಂಬರ್ ಇದ್ದಾಗ ಇಂಥ ವಿನಾಯಿತಿ ಕೊಡೋದು ಎಷ್ಟು ಸುಲಭ ನೋಡಿ. 2002ರಲ್ಲಿ ಎಳೆದ ಒಂದು ಗೆರೆ ಇವತ್ತು ಕೆಲಸಕ್ಕೆ ಬರ್ತಿದೆ.
ಟ್ಯಾರಿಫ್ ಪುಸ್ತಕ ಬೋರು ಅಂತ ನಾನೂ ಬೈತಿದ್ದೆ. ಈಗ ಒಂದೊಂದು ಸಾಲೂ ಯಾವುದೋ ಹಳೇ ಜಗಳದ ರಾಜಿಪತ್ರದ ಥರ ಕಾಣುತ್ತೆ. ಮುಂದಿನ ಸೀರೀಸ್‌ಗೆ ಯಾವ ಸರಕು ಬೇಕು? ಕಾಮೆಂಟಲ್ಲಿ ಹೇಳಿ.

#ಬಿಕಾಂಡೈರಿ #ಕಸ್ಟಮ್ಸ್‌ಕಥೆ #ಆಂಟಿಮನಿ