ವಿಜಯಪುರದ ಆರಂಭಕಾಲದ ಛಾಯಾಚಿತ್ರಗಳು

ವಿಜಯಪುರದ (ಹಿಂದಿನ ಬಿಜಾಪುರ) ಆದಿಲಶಾಹಿ ಸ್ಮಾರಕಗಳನ್ನು 1855ರಿಂದ ಮೊದಲ್ಗೊಂಡು ಕ್ಯಾಮರಾದಲ್ಲಿ ದಾಖಲಿಸಲಾಯಿತು. ಸರ್ಕಾರದ ದಾಖಲೆಗಾಗಿ ತೆಗೆದ ಈ ಛಾಯಾಚಿತ್ರಗಳನ್ನು ಇಂದು ವಸ್ತುಸಂಗ್ರಹಾಲಯಗಳೂ ಸಂಗ್ರಾಹಕರೂ ಕಲಾಕೃತಿಗಳೆಂದು ಕಾಪಾಡುತ್ತಿದ್ದಾರೆ.

ಹಿನ್ನೆಲೆ

ಸ್ಮಾರಕಗಳ ಚಿತ್ರಗಳನ್ನು ಕೈಯಿಂದ ಬರೆಸಲು ಕಾಲವೂ ಹಣವೂ ಹೆಚ್ಚು ತಗಲುತ್ತಿದ್ದುದರಿಂದ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕ ಮಂಡಳಿಯು ಛಾಯಾಗ್ರಹಣವನ್ನು ಬಳಸುವಂತೆ ಸೂಚಿಸಿತು. ಬಾಂಬೆ ಫಿರಂಗಿ ದಳದ ಅಧಿಕಾರಿ ಥಾಮಸ್ ಬಿಗ್ಸ್ 1855ರಲ್ಲಿ ಈ ಕಾರ್ಯಕ್ಕೆ ನಿಯುಕ್ತರಾಗಿ ಬಿಜಾಪುರ, ಬಾದಾಮಿ ಹಾಗೂ ಐಹೊಳೆಗಳಲ್ಲಿ ಚಿತ್ರಗಳನ್ನು ತೆಗೆದರು. ಅವರನ್ನು ಸೈನಿಕ ಸೇವೆಗೆ ಮರಳಿ ಕರೆಸಿಕೊಂಡ ಮೇಲೆ ಡಾ. ಪಿಗೂ, ಆನಂತರ ನೀಲ್ ಎಂಬವರು ಈ ಕೆಲಸವನ್ನು ಮುಂದುವರಿಸಿದರು.

ಆಗ ಬಿಜಾಪುರ ಜಿಲ್ಲಾ ಕೇಂದ್ರವಾಗಿರಲಿಲ್ಲ. 1885ರಲ್ಲಿ ಕಲಾದಗಿಯಿಂದ ಜಿಲ್ಲಾ ಕೇಂದ್ರವು ಇಲ್ಲಿಗೆ ಸ್ಥಳಾಂತರವಾದಾಗ ಅನೇಕ ಹಳೆಯ ಕಟ್ಟಡಗಳು ಕಚೇರಿಗಳಾಗಿ, ಅಧಿಕಾರಿಗಳ ವಸತಿಗಳಾಗಿ ಮಾರ್ಪಟ್ಟವು. ಬಿಗ್ಸ್ ಅವರ ಚಿತ್ರಗಳು ಆ ಮಾರ್ಪಾಡಿಗೆ ಮೂರು ದಶಕ ಹಿಂದಿನವು. ಇತಿಹಾಸದ ವಿದ್ಯಾರ್ಥಿಗೆ ಅವುಗಳ ಮುಖ್ಯ ಪ್ರಯೋಜನ ಇದೇ.

ತಂತ್ರ

ಬಿಗ್ಸ್ ಬಳಸಿದ್ದು ಕ್ಯಾಲೋಟೈಪ್ ವಿಧಾನವನ್ನು. ಇಂಗ್ಲೆಂಡಿನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ 1841ರಲ್ಲಿ ಇದರ ಪೇಟೆಂಟ್ ಪಡೆದಿದ್ದರು. ಒಳ್ಳೆಯ ಬರೆವಣಿಗೆಯ ಕಾಗದಕ್ಕೆ ಬೆಳ್ಳಿಯ ಅಯೋಡೈಡ್ ಲೇಪಿಸಿ, ಬೆಳ್ಳಿಯ ನೈಟ್ರೇಟ್ ಮತ್ತು ಗ್ಯಾಲಿಕ್ ಆಮ್ಲದ ದ್ರಾವಣದಿಂದ ಅದನ್ನು ಬೆಳಕಿಗೆ ಸ್ಪಂದಿಸುವಂತೆ ಮಾಡಿ ಕ್ಯಾಮರಾದಲ್ಲಿ ಇಡುತ್ತಿದ್ದರು. ಬೆಳಕು ತಾಗಿದ ಭಾಗಗಳು ದ್ರಾವಣದಲ್ಲಿ ಕಪ್ಪಾಗುತ್ತಿದ್ದವು. ಉಳಿದ ಬೆಳ್ಳಿಯ ಲವಣವನ್ನು ಹೈಪೋದಿಂದ ತೊಳೆದು, ಕಾಗದ ಪಾರದರ್ಶಕವಾಗಲೆಂದು ಮೇಣ ಸವರುತ್ತಿದ್ದರು. ಹೀಗೆ ಸಿದ್ಧವಾದ ನೆಗೆಟಿವನ್ನು ಇನ್ನೊಂದು ಲೇಪಿತ ಕಾಗದದ ಮೇಲೆ ಒತ್ತಿಟ್ಟು ಬಿಸಿಲಿಗೆ ಹಿಡಿದರೆ ಚಿತ್ರದ ಪ್ರತಿ ಮೂಡುತ್ತಿತ್ತು. ಒಂದೇ ನೆಗೆಟಿವಿನಿಂದ ಅನೇಕ ಪ್ರತಿ ತೆಗೆಯುವ ಈ ತತ್ತ್ವವೇ ಮುಂದೆ ಗಾಜಿನ ಫಲಕಕ್ಕೂ ಫಿಲ್ಮ್ ಸುರುಳಿಗೂ ಆಧಾರವಾಯಿತು.

ಚಿತ್ರವನ್ನು ಹಿಗ್ಗಿಸುವ ಸೌಕರ್ಯವಿರಲಿಲ್ಲವಾದ್ದರಿಂದ ಪ್ರತಿ ಎಷ್ಟು ದೊಡ್ಡದಿರಬೇಕೋ ನೆಗೆಟಿವ್ ಅಷ್ಟೇ ದೊಡ್ಡದಿರಬೇಕಿತ್ತು. ಕ್ಯಾಮರಾ ದೊಡ್ಡ ಪೆಟ್ಟಿಗೆಯಷ್ಟಿರುತ್ತಿತ್ತು. ಬೆಳಕು ಬಹಳ ಹೊತ್ತು ಬೀಳಬೇಕಾದ್ದರಿಂದ ನಡೆದಾಡುವವರು ಚಿತ್ರದಲ್ಲಿ ಮೂಡುತ್ತಿರಲಿಲ್ಲ. ಹಳೆಯ ಚಿತ್ರಗಳಲ್ಲಿ ಬಿಜಾಪುರ ನಿರ್ಜನವಾಗಿ ಕಾಣುವುದನ್ನು ಊರೇ ಖಾಲಿಯಾಗಿತ್ತು ಎಂಬುದಕ್ಕೆ ಸಾಕ್ಷಿಯಾಗಿ ಬಳಸಬಾರದು. ಕಾಗದದ ನಾರು ಪ್ರತಿಯಲ್ಲಿಯೂ ತುಸು ಮೂಡಿ ಗೆರೆಗಳು ಮೃದುವಾಗುತ್ತವೆ. ಅಂದು ಕೊರತೆ ಎನಿಸಿದ ಈ ಗುಣವನ್ನೇ ಇಂದಿನ ಕಲಾಸಕ್ತರು ಮೆಚ್ಚುತ್ತಾರೆ.

1866ರ ಸಂಪುಟ

ಬಿಗ್ಸ್ ಹಾಗೂ ಮೇಜರ್ ಲಾಕ್ ತೆಗೆದ ಚಿತ್ರಗಳು 1866ರಲ್ಲಿ ಲಂಡನ್ನಿನ ಜಾನ್ ಮರ್ರೆ ಸಂಸ್ಥೆಯಿಂದ 'ಆರ್ಕಿಟೆಕ್ಚರ್ ಅಟ್ ಬೀಜಾಪೂರ್' ಎಂಬ ಸಂಪುಟವಾಗಿ ಹೊರಬಂದವು. ಮೊಟ್ಟೆಯ ಬಿಳಿಲೋಳೆ ಲೇಪಿಸಿದ ಕಾಗದದ ಮೇಲೆ, ಅಂದರೆ ಅಲ್ಬುಮೆನ್ ವಿಧಾನದಲ್ಲಿ, ತೆಗೆದ ನಿಜವಾದ ಪ್ರತಿಗಳನ್ನೇ ಪುಸ್ತಕದಲ್ಲಿ ಅಂಟಿಸಲಾಗಿದೆ. ಐತಿಹಾಸಿಕ ಲೇಖನವನ್ನು ಮೆಡೋಸ್ ಟೇಲರ್ ಅವರೂ ವಾಸ್ತುಶಿಲ್ಪದ ಟಿಪ್ಪಣಿಯನ್ನು ಜೇಮ್ಸ್ ಫರ್ಗುಸನ್ ಅವರೂ ಬರೆದರು. ಸಿಂದಗಿ, ಮುದ್ದೇಬಿಹಾಳ ಸೀಮೆಗೆ ನೆರೆಯದಾದ ಸುರಪುರದಲ್ಲಿ ಟೇಲರ್ ಹಲವು ವರ್ಷ ಅಧಿಕಾರಿಯಾಗಿದ್ದವರು.

ಸಂಪುಟದ ಎಲ್ಲ ಪುಟಗಳೂ ಕಟ್ಟಡದ ನೇರ ಛಾಯಾಚಿತ್ರಗಳಲ್ಲ. ಕೆಲವು, ಹಾರ್ಟ್ ಮತ್ತು ಕಮಿಂಗ್ ಎಂಬವರು ಹಾಗೂ ಸ್ಥಳೀಯ ನಕ್ಷೆಗಾರರು ರಚಿಸಿದ ರೇಖಾಚಿತ್ರಗಳ ಛಾಯಾಚಿತ್ರಗಳು. ಇಂಗ್ಲಿಷರ ಹೆಸರುಗಳು ಮುಖಪುಟದಲ್ಲಿವೆ; ನಮ್ಮ ನಕ್ಷೆಗಾರರಿಗೆ ಅಲ್ಲಿ 'ದೇಶೀಯರು' ಎಂಬ ಒಂದೇ ಮಾತು.

ಸಂಗ್ರಹ ಮತ್ತು ಸಂರಕ್ಷಣೆ

ಬಿಗ್ಸ್ ಅವರ ಚಿತ್ರಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಇದೇ ಕಾಲದ ಇನ್ನೊಂದು ನಿದರ್ಶನ ಹಂಪಿಯದು. ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಅಲ್ಲಿ ತೆಗೆದ ಕಾಗದದ ನೆಗೆಟಿವ್‌ಗಳು ರಂಗನಿರ್ದೇಶಕ ಇಬ್ರಾಹಿಂ ಅಲ್ಕಾಜಿ ಅವರ ಸಂಗ್ರಹದ ಮೂಲಕ ಭಾರತದಲ್ಲಿ ಉಳಿದಿವೆ. ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ 1983ರಲ್ಲಿ ಅವೇ ಸ್ಥಳಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು.

ಸಂಗ್ರಾಹಕರು ನೆಗೆಟಿವಿನ ವರ್ಷವನ್ನೂ ಪ್ರತಿಯ ವರ್ಷವನ್ನೂ ಬೇರೆಬೇರೆಯಾಗಿ ಗುರುತಿಸುತ್ತಾರೆ. ನೆಗೆಟಿವಿನ ಕಾಲಕ್ಕೆ ಹತ್ತಿರವಾದ ಪ್ರತಿಗೆ ಬೆಲೆ ಹೆಚ್ಚು. 1866ರ ಸಂಪುಟದ ಚಿತ್ರಕ್ಕೆ '1866ರಲ್ಲಿ ತೆಗೆದದ್ದು' ಎಂದು ಅಡಿಬರಹ ಕೊಡುವುದು ತಪ್ಪು.

ಅಲ್ಬುಮೆನ್ ಪ್ರತಿಗಳು ಬೆಳಕು ಮತ್ತು ತೇವದಿಂದ ಹಳದಿಗಟ್ಟಿ ಮಾಸುತ್ತವೆ. ಅವುಗಳನ್ನು ಆಮ್ಲರಹಿತ ಕಾಗದದ ನಡುವೆ, ತಂಪಾದ ಕತ್ತಲೆಯಲ್ಲಿ ಇಡಬೇಕು. ಇಂಡಿ, ಬಸವನ ಬಾಗೇವಾಡಿಯಂಥ ಊರುಗಳ ಮನೆಗಳಲ್ಲಿ ಉಳಿದಿರುವ ಕಪ್ಪು-ಬಿಳುಪು ಭಾವಚಿತ್ರಗಳಿಗೂ ಫಿಲ್ಮ್ ನೆಗೆಟಿವ್‌ಗಳಿಗೂ ಇದೇ ಕ್ರಮ ಸಲ್ಲುತ್ತದೆ. ಲ್ಯಾಮಿನೇಷನ್ ಮಾಡಿಸಬಾರದು, ಮಾಡಿಸಿದರೆ ಅದನ್ನು ಬಿಡಿಸಲು ಬಾರದು. ಹೆಸರು, ಊರು, ವರ್ಷಗಳನ್ನು ಪ್ರತಿಯ ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಬರೆಯಬೇಕು.