ಕೈಯಲ್ಲಿ ತುಂಬಿದ ಕಾಡತೂಸು: ಕಣ್ಣಿಗೆ ಕಾಣದ ಒತ್ತಡದ ಲೆಕ್ಕ

ಬೇಟೆಯ ರೈಫಲ್ಲಿಗೆ ಬೇಕಾದ ಕಾಡತೂಸನ್ನು ಅಂಗಡಿಯಲ್ಲಿ ಸಿದ್ಧವಾಗಿ ಕೊಳ್ಳದೆ, ಬಿಡಿಭಾಗಗಳನ್ನು ತಂದು ಮನೆಯಲ್ಲೇ ಜೋಡಿಸಿಕೊಳ್ಳುವ ಹವ್ಯಾಸಕ್ಕೆ ಅಮೆರಿಕದಲ್ಲಿ ‘ಹ್ಯಾಂಡ್‌ಲೋಡಿಂಗ್’ ಎಂದು ಹೆಸರು. ಅಲ್ಲಿ ಸ್ವಂತ ಬಳಕೆಗೆ ಹೀಗೆ ಮಾಡಿಕೊಳ್ಳಲು ಕೇಂದ್ರ ಸರ್ಕಾರದ ಪರವಾನಗಿ ಬೇಕಿಲ್ಲ, ಮಾರಾಟಕ್ಕಾದರೆ ಬೇಕು. ಜರ್ಮನಿಯಲ್ಲಿ ಇದೇ ಕೆಲಸಕ್ಕೆ ತರಬೇತಿ ಮುಗಿಸಿ ಸ್ಫೋಟಕ ಕಾಯ್ದೆಯ ಅನುಮತಿ ಪತ್ರ ಪಡೆಯಬೇಕು. ಭಾರತದಲ್ಲಿ ಪರವಾನಗಿ ಇಲ್ಲದೆ ಮಾಡುವುದು ಅಪರಾಧ. ಒಂದೇ ಕೆಲಸವನ್ನು ಮೂರು ದೇಶಗಳು ಇಷ್ಟು ಭಿನ್ನವಾಗಿ ಕಾಣಲು ಕಾರಣವಿದೆ: ತಪ್ಪಾಗಿದ್ದರೆ ಅದು ಗೊತ್ತಾಗುವುದು ಕೋವಿ ಕೆನ್ನೆಗೆ ತಾಗಿರುವಾಗ.

ಕಾಡತೂಸಿನಲ್ಲಿ (ಮಲೆನಾಡಿನ ಮಾತಿನಲ್ಲಿ ತೋಟೆ) ನಾಲ್ಕು ಭಾಗಗಳಿವೆ: ಹಿತ್ತಾಳೆಯ ಕವಚ, ಅದರ ತಳದಲ್ಲಿ ಕೂರುವ ಪ್ರೈಮರ್, ಒಳಗಿನ ಮದ್ದು, ಬಾಯಲ್ಲಿ ಸಿಕ್ಕಿಸಿದ ಗುಂಡು. ಹಾರಿಸಿದ ಬಳಿಕ ಉಳಿಯುವುದು ಹಿತ್ತಾಳೆ ಮಾತ್ರ. ನಾಲ್ಕರಲ್ಲಿ ದುಬಾರಿಯಾದದ್ದೂ ಸಾಮಾನ್ಯವಾಗಿ ಅದೇ. ಆದ್ದರಿಂದ ಅದನ್ನು ಮರುಬಳಸುವ ಉಳಿತಾಯದ ಆಸೆಯಿಂದಲೇ ಹೆಚ್ಚಿನವರು ಈ ಹವ್ಯಾಸಕ್ಕೆ ಬೀಳುತ್ತಾರೆ. ತಮ್ಮ ರೈಫಲ್ಲಿಗೇ ಒಗ್ಗುವ ಕಾಡತೂಸು ಸಿದ್ಧಪಡಿಸಿ ಗುರಿಯ ನಿಖರತೆ ಹೆಚ್ಚಿಸುವ ಹಂಬಲ ನಂತರದ್ದು. ಎರಡನೆಯ ಮಹಾಯುದ್ಧದ ನಂತರ ಬ್ರೂಸ್ ಹಾಡ್ಜ್‌ಡನ್ ಎಂಬಾತ ಸೇನೆಯಲ್ಲಿ ಉಳಿದ ಮದ್ದನ್ನು ಅಗ್ಗಕ್ಕೆ ಕೊಂಡು ನಾಗರಿಕರಿಗೆ ಮಾರತೊಡಗಿದ ಮೇಲೆ ಅಮೆರಿಕದಲ್ಲಿ ಇದು ಜನಪ್ರಿಯವಾಯಿತು.

ಒತ್ತಡವೇ ಮೂಲ: ಧೂಮರಹಿತ ಮದ್ದು ಸಿಡಿಯುವುದಿಲ್ಲ, ಉರಿಯುತ್ತದೆ. ಆದರೆ ಸುತ್ತಲಿನ ಒತ್ತಡ ಹೆಚ್ಚಿದಷ್ಟೂ ಇನ್ನಷ್ಟು ವೇಗವಾಗಿ ಉರಿಯುವುದು ಅದರ ಗುಣ. ಮೊದಲು ತಿಳಿಯಬೇಕಾದದ್ದು ಇದನ್ನೇ. ಮದ್ದು ತುಸು ಹೆಚ್ಚಾದರೆ ಒತ್ತಡವೂ ತುಸುವೇ ಹೆಚ್ಚೀತು ಎಂಬ ಲೆಕ್ಕ ಇಲ್ಲಿ ನಡೆಯದು. ಮದ್ದು ಏರಿದ್ದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಒತ್ತಡ ಏರುತ್ತದೆ. 1906ರಲ್ಲಿ ಅಮೆರಿಕ ಸೇನೆ ಅಳವಡಿಸಿಕೊಂಡ, ಇಂದಿಗೂ ಬೇಟೆಗಾರರ ಅಚ್ಚುಮೆಚ್ಚಾಗಿರುವ ‘ಥರ್ಟಿ ಆಟ್ ಸಿಕ್ಸ್’ ಕಾಡತೂಸಿಗೆ ಅಲ್ಲಿನ ತಯಾರಕರ ಮಾನದಂಡ ಸಂಸ್ಥೆ ‘ಸಾಮಿ’ (ಸ್ಥಾಪನೆ 1926) ನಿಗದಿಪಡಿಸಿದ ಗರಿಷ್ಠ ಒತ್ತಡ ಚದರ ಅಂಗುಲಕ್ಕೆ 60,000 ಪೌಂಡ್. ಕಾರಿನ ಟೈರಿನಲ್ಲಿರುವುದು 30-35 ಪೌಂಡ್. ಈ ಅನಿಲವನ್ನು ಹಿಂದಕ್ಕೆ ಸೋರದಂತೆ ತಡೆಯುವುದು ಆ ತೆಳು ಹಿತ್ತಾಳೆಯೇ. ಅದು ಬಿರಿದರೆ ಅನಿಲ ಹಾರಿಸುವವನ ಮುಖದತ್ತ ನುಗ್ಗುತ್ತದೆ.

ಈ ಒತ್ತಡ ಅಳೆಯುವ ಸಲಕರಣೆ ಸಾಮಾನ್ಯವಾಗಿ ಹವ್ಯಾಸಿಯ ಮನೆಯಲ್ಲಿರುವುದಿಲ್ಲ, ಅದು ಪ್ರಯೋಗಾಲಯಗಳಲ್ಲಿದೆ. ಮದ್ದು ಮತ್ತು ಗುಂಡು ತಯಾರಿಸುವ ಕಂಪನಿಗಳು ಅಲ್ಲಿ ಅಳೆದು ಕೈಪಿಡಿಗಳಲ್ಲಿ ಪ್ರಕಟಿಸುವ ಕೋಷ್ಟಕಗಳೇ ಇವನಿಗೆ ಆಧಾರ. ಹಳೆಯ ಕೈಪಿಡಿ ಬಳಸುವವರು ಒಂದು ವಿಷಯ ಗಮನಿಸಬೇಕು. ಹಿಂದೆ ತಾಮ್ರದ ಸಣ್ಣ ತುಂಡು ಎಷ್ಟು ಜಜ್ಜಿತು ಎಂಬುದರಿಂದ ಒತ್ತಡ ಅಂದಾಜಿಸುತ್ತಿದ್ದರು. ಆ ಮಾನದಲ್ಲಿ ಇದೇ ಕಾಡತೂಸಿನ ಮಿತಿ 50,000. ಎರಡು ಮಾನಗಳನ್ನು ಒಂದೇ ಎಂದು ಓದಿ ‘ಇನ್ನೂ 10,000 ಬಾಕಿಯಿದೆ’ ಎಂದು ಭಾವಿಸುವುದು ಅಪಾಯಕಾರಿ.

ಕೆಳಗಿನಿಂದ ಮೇಲಕ್ಕೆ: ಕೈಪಿಡಿಯ ಕೋಷ್ಟಕದಲ್ಲಿ ಪ್ರತಿ ಗುಂಡು-ಮದ್ದಿನ ಜೋಡಿಗೆ ಆರಂಭದ ತೂಕ, ಗರಿಷ್ಠ ತೂಕ ಎಂದು ಎರಡು ಅಂಕಿಗಳಿರುತ್ತವೆ. ಆರಂಭದ ತೂಕ ಸಾಮಾನ್ಯವಾಗಿ ಗರಿಷ್ಠಕ್ಕಿಂತ ಸುಮಾರು ಶೇ 10ರಷ್ಟು ಕಡಿಮೆ. ಅಳತೆ ‘ಗ್ರೇನ್’ನಲ್ಲಿ, ಒಂದು ಪೌಂಡಿಗೆ 7,000 ಗ್ರೇನ್. ಆರಂಭದ ತೂಕದಿಂದ ಹೊರಟು, ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಏರುತ್ತಾ, ಪ್ರತಿ ಹೆಜ್ಜೆಯಲ್ಲೂ ಹಾರಿಸಿ, ಕವಚವನ್ನು ಪರೀಕ್ಷಿಸುವುದೇ ಸರಿಯಾದ ಕ್ರಮ. ಗರಿಷ್ಠ ಅಂಕಿಯನ್ನು ತಲುಪಲೇಬೇಕಾದ ಗುರಿ ಎಂದುಕೊಳ್ಳುವವರೇ ಹೆಚ್ಚಾಗಿ ಎಡವುತ್ತಾರೆ. ನಿಧಾನವಾಗಿ ಉರಿಯುವ ಮದ್ದನ್ನು ಆರಂಭದ ತೂಕಕ್ಕಿಂತ ಬಹಳ ಕಡಿಮೆ ತುಂಬುವುದೂ ಅಪಾಯವೆಂದು ಕೈಪಿಡಿಗಳು ಎಚ್ಚರಿಸುತ್ತವೆ. ಕಡಿಮೆ ಮಾಡಿದರೆ ಸದಾ ಕ್ಷೇಮ ಎಂಬ ಊಹೆಯೂ ಹೀಗಾಗಿ ಸರಿಯಲ್ಲ.

ನಾಲ್ಕು ಭಾಗಗಳಲ್ಲಿ ಒಂದನ್ನು ಬದಲಿಸಿದರೂ ಮತ್ತೆ ಕೆಳಗಿನಿಂದಲೇ ಆರಂಭಿಸಬೇಕು. ಇದು ಅತಿ ಎಚ್ಚರವೆಂದು ತೋರಬಹುದು. ಆದರೆ ಕ್ಯಾಲಿಫೋರ್ನಿಯಾದ ಉದಾಹರಣೆ ನೋಡಿ. ಸೀಸದ ಗುಂಡಿನ ಚೂರುಗಳಿದ್ದ ಪ್ರಾಣಿಗಳ ಅವಶೇಷ ತಿಂದು ಕ್ಯಾಲಿಫೋರ್ನಿಯಾ ಕಾಂಡರ್ ರಣಹದ್ದುಗಳು ವಿಷವೇರಿ ಸಾಯುತ್ತಿದ್ದ ಕಾರಣ, ಆ ರಾಜ್ಯ 2013ರಲ್ಲಿ ಕಾನೂನು ಮಾಡಿ, 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡುಗಳನ್ನು ಪೂರ್ಣವಾಗಿ ನಿಷೇಧಿಸಿತು. ಬೇಟೆಗಾರರು ತಾಮ್ರದ ಗುಂಡುಗಳತ್ತ ಹೊರಳಿದರು. ತಾಮ್ರ ಸೀಸಕ್ಕಿಂತ ಹಗುರ. ಅಷ್ಟೇ ತೂಕದ ಗುಂಡು ಹೆಚ್ಚು ಉದ್ದವಿರುತ್ತದೆ, ಕವಚದೊಳಗೆ ಮದ್ದಿನ ಜಾಗವನ್ನು ಆಕ್ರಮಿಸುತ್ತದೆ. ಜಾಗ ಕಿರಿದಾದರೆ ಒತ್ತಡ ಹೆಚ್ಚು. ಸೀಸದ ಗುಂಡಿಗಾಗಿ ವರ್ಷಗಟ್ಟಲೆ ಬಳಸಿ ನಂಬಿದ ಮದ್ದಿನ ತೂಕ ಅದೇ ತೂಕದ ತಾಮ್ರದ ಗುಂಡಿಗೆ ಮಿತಿ ಮೀರಿದ್ದಾಗಬಹುದು.

ಹೆಸರುಗಳೂ ಮೋಸ ಮಾಡುತ್ತವೆ. ‘4350’ ಎಂಬ ಸಂಖ್ಯೆ ಹೊತ್ತ ಮದ್ದುಗಳನ್ನು ಬೇರೆ ಬೇರೆ ಕಂಪನಿಗಳು ಮಾರುತ್ತವೆ. ಸಂಖ್ಯೆ ಒಂದೇ, ಉರಿಯುವ ವೇಗ ಒಂದೇ ಅಲ್ಲ. ಡಬ್ಬಿಯಿಂದ ಹೊರಗೆ ಸುರಿದರೆ ಯಾವುದು ಯಾವುದೆಂದು ನೋಡಿ ಹೇಳಲಾಗದು. ಮೇಜಿನ ಮೇಲೆ ಒಮ್ಮೆಗೆ ಒಂದೇ ಮದ್ದಿನ ಡಬ್ಬಿ ಇರಬೇಕು, ಹೆಸರಿಲ್ಲದ ಮದ್ದನ್ನು ಎಂದೂ ಬಳಸಬಾರದು ಎಂಬ ನಿಯಮ ಬಂದಿರುವುದು ಈ ಕಾರಣಕ್ಕೆ. ಪಿಸ್ತೂಲಿನ ಶೀಘ್ರ ಮದ್ದು ಪ್ರಮಾದವಶಾತ್ ರೈಫಲ್ ಕವಚದ ತುಂಬ ಬಿದ್ದರೆ ಕೋವಿಯೇ ಸಿಡಿದೀತು. ಮದ್ದೇ ಬೀಳದ ಕಾಡತೂಸಿನದು ಬೇರೆಯದೇ ಕಥೆ: ಪ್ರೈಮರ್ ಮಾತ್ರ ಹೊತ್ತಿ ಗುಂಡು ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಅದರ ಹಿಂದೆ ಹಾರಿಸಿದ ಇನ್ನೊಂದು ನಳಿಗೆಯನ್ನು ಹರಿಯುತ್ತದೆ. ಶಬ್ದ ಕ್ಷೀಣವಾಗಿ ಕೇಳಿದರೆ ಅಲ್ಲಿಗೇ ನಿಲ್ಲಿಸಿ ನಳಿಗೆ ನೋಡಬೇಕು.

ತಡವಾಗಿ ಬರುವ ಸೂಚನೆ: ಬೋಲ್ಟ್ ಎತ್ತಲು ಬಿಗಿಯಾಗುವುದು, ಪ್ರೈಮರ್ ಚಪ್ಪಟೆಯಾಗುವುದು ಅಥವಾ ತೂತಾಗುವುದು, ಕವಚದ ತಳದಲ್ಲಿ ಹೊಳೆಯುವ ಗುರುತು ಮೂಡುವುದು ಅತಿ ಒತ್ತಡದ ಲಕ್ಷಣಗಳು. ಕಂಡೊಡನೆ ನಿಲ್ಲಿಸಬೇಕು. ಇವು ಬಹುಪಾಲು ಮಿತಿ ದಾಟಿದ ಮೇಲೆ ಕಾಣುವಂಥವು ಎಂಬುದನ್ನು ಮಾತ್ರ ಹಲವರು ಮರೆಯುತ್ತಾರೆ. ಲಕ್ಷಣ ಕಾಣಲಿಲ್ಲವೆಂದು ಕೋಷ್ಟಕದ ಗರಿಷ್ಠವನ್ನು ದಾಟುವವನು ಜ್ವರ ನೋಡದೆ ಆರೋಗ್ಯ ಹೇಳುವ ವೈದ್ಯನಂತೆ. ಬಿಸಿಲೂ ಲೆಕ್ಕಕ್ಕೆ ಬರುತ್ತದೆ: ಕೆಲವು ಮದ್ದುಗಳು ಶಾಖದಲ್ಲಿ ಹೆಚ್ಚು ಒತ್ತಡ ಹುಟ್ಟಿಸುವುದರಿಂದ ಚಳಿಗಾಲದಲ್ಲಿ ಗರಿಷ್ಠದ ಅಂಚಿಗೆ ತಂದ ಕಾಡತೂಸು ಬೇಸಗೆಯಲ್ಲಿ ಅಂಚು ದಾಟಬಹುದು.

ಹಿತ್ತಾಳೆಗೂ ಆಯುಷ್ಯವಿದೆ. ಪ್ರತಿ ಬಾರಿ ಹಾರಿಸಿದಾಗ ಅದು ಹಿಗ್ಗುತ್ತದೆ, ಅಚ್ಚಿಗೆ ಹಾಕಿ ಕುಗ್ಗಿಸಿದಾಗ ಉದ್ದವಾಗುತ್ತದೆ. ಕತ್ತು ಹೆಚ್ಚು ಉದ್ದವಾದರೆ ಗುಂಡನ್ನು ಹಿಡಿದುಬಿಟ್ಟು ಒತ್ತಡ ಏರಿಸುತ್ತದೆ. ಆದ್ದರಿಂದ ಅಳೆದು ಕತ್ತರಿಸಬೇಕು. ತಳದಿಂದ ಸ್ವಲ್ಪ ಮೇಲೆ ಒಳಗೋಡೆ ತೆಳುವಾಗುವುದೇ ಹೆಚ್ಚು ಅಪಾಯಕರ. ತುದಿ ಬಗ್ಗಿಸಿದ ತಂತಿಯನ್ನು ಒಳಗೆ ಆಡಿಸಿದರೆ ಆ ತಗ್ಗು ಕೈಗೆ ಸಿಗುತ್ತದೆ. ಸಿಕ್ಕ ಕವಚವನ್ನು ಮರುಬಳಸುವಂತಿಲ್ಲ. ಬಹುತೇಕ ಪ್ರೈಮರುಗಳಲ್ಲಿ ಸೀಸದ ಸಂಯುಕ್ತವಿರುವುದರಿಂದ ಕವಚ ತೊಳೆಯುವಾಗಿನ ದೂಳು ಮೂಗಿಗೆ ಹೋಗಬಾರದು, ಕೈ ತೊಳೆಯದೆ ಊಟಕ್ಕೆ ಕೂರಬಾರದು. ಕಣ್ಣಿಗೆ ರಕ್ಷಾ ಕನ್ನಡಕ ಬೇಕು. ಒಬ್ಬರ ರೈಫಲ್ಲಿಗೆ ಹೊಂದಿಸಿದ ಕಾಡತೂಸು ಇನ್ನೊಬ್ಬರ ರೈಫಲ್ಲಿಗೆ ಸುರಕ್ಷಿತವೆನ್ನಲಾಗದು, ಸ್ನೇಹಕ್ಕೂ ಕೊಡಬಾರದು.

ನಿಖರತೆಯ ಬಗ್ಗೆ ಒಂದು ಮಾತು. ಮೂರು ಗುಂಡು ಒಂದೇ ಕಡೆ ಬಿದ್ದವೆಂದು ‘ಇದೇ ಸರಿಯಾದ ತೂಕ’ ಎಂದು ತೀರ್ಮಾನಿಸುವುದು ವಾಡಿಕೆ. ಮೂರು ಗುಂಡು ಹತ್ತಿರ ಬೀಳುವುದು ಎಷ್ಟೋ ಸಲ ಆಕಸ್ಮಿಕ. ನೂರೈವತ್ತು ಮೀಟರಿನೊಳಗೆ ಜಿಂಕೆ ಹೊಡೆಯುವವನಿಗೆ ಕೂದಲೆಳೆಯ ನಿಖರತೆ ಬೇಕಿಲ್ಲವಾದ್ದರಿಂದ, ಅದರ ಬೆನ್ನು ಹತ್ತಿ ಗರಿಷ್ಠದ ಅಂಚಿಗೆ ಹೋಗುವುದಕ್ಕೆ ಅರ್ಥವಿಲ್ಲವೆನಿಸುತ್ತದೆ.

ಕನ್ನಡಿಗರಿಗೆ ಕಾನೂನು: ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. 2019ರ ತಿದ್ದುಪಡಿಯ ಬಳಿಕ ಇದಕ್ಕೆ ಕನಿಷ್ಠ 7 ವರ್ಷ ಸೆರೆವಾಸ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ 2019ರಲ್ಲಿ ಹತ್ತು ವರ್ಷ ಮುಂದುವರಿಸಿತು, ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ಆದರೆ ಅದು ಕೋವಿ ಹೊಂದುವುದಕ್ಕೆ ಸಂಬಂಧಿಸಿದ್ದು. ಕಾಡತೂಸು ತಯಾರಿಕೆಗೆ ಅದನ್ನು ಅನ್ವಯಿಸಿಕೊಳ್ಳಲಾಗದು.

ಅಮೆರಿಕದಲ್ಲಿರುವ ನಮ್ಮವರು ಗಮನಿಸಬೇಕಾದದ್ದು ಬೇರೆ. ಎಚ್-1ಬಿಯಂತಹ ವಲಸೆಯೇತರ ವೀಸಾದಲ್ಲಿರುವವರು ಕೋವಿಯಷ್ಟೇ ಅಲ್ಲ, ಕಾಡತೂಸನ್ನು ಹೊಂದುವುದೂ ಅಲ್ಲಿನ ಕೇಂದ್ರ ಕಾನೂನಿನಲ್ಲಿ ಅಪರಾಧ. ಅಲ್ಲಿನ ಯಾವುದಾದರೂ ರಾಜ್ಯದ ಊರ್ಜಿತ ಬೇಟೆ ಪರವಾನಗಿ ಇದ್ದವರಿಗೆ ವಿನಾಯಿತಿ ಉಂಟು. ಅದಿಲ್ಲದೆ ಗೆಳೆಯನ ಮನೆಯಲ್ಲಿ ಶನಿವಾರ ತುಂಬಿದ ನಾಲ್ಕು ಕಾಡತೂಸುಗಳನ್ನು ಜೇಬಿಗೆ ಹಾಕಿಕೊಂಡು ಬಂದರೂ ಪ್ರಕರಣ ದಾಖಲಾಗಬಹುದು.