ತೂಕಕ್ಕೆ ಬಾರದ ಪಾತ್ರೆಗಳು

ದಸರಾ ಬಂತೆಂದರೆ ಗೊಂಬೆ ಕೂರಿಸಿದ ಮನೆಗಳಲ್ಲಿ ಎಲ್ಲರ ಕಣ್ಣೂ ಮೇಲಿನ ಮೆಟ್ಟಿಲ ಪಟ್ಟದ ಗೊಂಬೆಗಳ ಮೇಲೆ. ರಾಜ, ರಾಣಿ, ರೇಶ್ಮೆ ಬಟ್ಟೆ, ಜರತಾರಿ ಎಲ್ಲಾ ಅಲ್ಲೇ. ನನ್ನ ಕಣ್ಣು ಮಾತ್ರ ಕೆಳಗಿನ ಮೆಟ್ಟಿಲ ಮೂಲೆಗೆ ಹೋಗುತ್ತೆ. ಅಲ್ಲಿ ಶೆಟ್ಟರ ಅಂಗಡಿ ಪಕ್ಕದಲ್ಲೋ, ರಾಗಿ ಮೊಳಕೆಯ ಪಾರ್ಕಿನ ಹಿಂದೆಯೋ ಒಂದು ಹಿತ್ತಾಳೆ ಅಡುಗೆಮನೆ ಕೂತಿರುತ್ತೆ: ಬೆರಳುದ್ದದ ಬಿಂದಿಗೆ, ನಿಂಬೆಹಣ್ಣಿನಷ್ಟು ಹಂಡೆ, ಬೆಂಕಿಕಡ್ಡಿಯಷ್ಟು ಸೌಟು. ಈ ಪುಟ್ಟ ಲೋಹದ ಸಾಮಾನುಗಳ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಇತ್ತು. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ :-)

ಮೊದಲು ಸ್ವಲ್ಪ ಹಳೇ ಕಥೆ. ಹರಪ್ಪಾದಲ್ಲಿ ಮತ್ತು ಚನ್ಹುದಾರೋದಲ್ಲಿ ತಾಮ್ರ-ಕಂಚಿನ ಪುಟಾಣಿ ಗಾಡಿಗಳು ಸಿಕ್ಕಿವೆ. ನಾಲ್ಕು ಸಾವಿರ ವರ್ಷ ಹಿಂದಿನವು. ಮಣ್ಣಿನ ಆಟದ ಗಾಡಿಗಳು ಅಲ್ಲಿ ಬೇಕಾದಷ್ಟು ಸಿಕ್ಕಿದರೆ, ಲೋಹದವು ಬೆರಳೆಣಿಕೆಯಷ್ಟು. ಯಾಕೆ ಅಂತ ಊಹಿಸೋದು ಕಷ್ಟ ಅಲ್ಲ. ಮಣ್ಣಿನದು ಒಡೆದರೆ ತಿಪ್ಪೆಗೆ ಹೋಗುತ್ತೆ, ಲೋಹದ್ದು ಮುರಿದರೆ ಮತ್ತೆ ಕುಲುಮೆಗೆ ಹೋಗುತ್ತೆ. ಶೂದ್ರಕನ ಮೃಚ್ಛಕಟಿಕದಲ್ಲೂ ಇದೇ ಮಾತು. ಪಕ್ಕದ ಮನೆ ಹುಡುಗನ ಚಿನ್ನದ ಗಾಡಿ ನೋಡಿ ಬಂದ ಚಾರುದತ್ತನ ಮಗ ತನ್ನ ಮಣ್ಣಿನ ಗಾಡಿ ಬೇಡ ಅಂತ ಅಳುತ್ತಾನೆ, ವಸಂತಸೇನೆ ತನ್ನ ಒಡವೆ ಬಿಚ್ಚಿ ಆ ಗಾಡಿಗೆ ತುಂಬುತ್ತಾಳೆ. (ಗಿರೀಶ್ ಕಾರ್ನಾಡರ 1984ರ 'ಉತ್ಸವ್' ನೋಡಿದವರಿಗೆ ಕಥೆ ಗೊತ್ತಿರುತ್ತೆ.) ಆಟಿಕೆ ಯಾವ ವಸ್ತುವಿನದು ಅನ್ನೋದರಲ್ಲೇ ಮನೆಯ ಸ್ಥಿತಿ ಗೊತ್ತಾಗುತ್ತಿತ್ತು.

ಯೂರೋಪಿನಲ್ಲಿ ಗೊಂಬೆಮನೆ ಅಂದರೆ ನಿಜಕ್ಕೂ ಗೋಡೆ, ಬಾಗಿಲು ಇರುವ ಮನೆ. ಜರ್ಮನಿಯ ನ್ಯೂರೆಂಬರ್ಗ್ ಊರು ಇದಕ್ಕೆ ಪ್ರಸಿದ್ಧ. ಅಲ್ಲಿನ ಆನಾ ಕೊಫರ್ಲಿನ್ ಎಂಬಾಕೆ 1631ರಲ್ಲಿ ತನ್ನ ಗೊಂಬೆಮನೆಯನ್ನು ಜನರಿಗೆ ತೋರಿಸುತ್ತಿದ್ದಳು. ಹುಡುಗಿಯರು ಅದನ್ನು ನೋಡಿ ಮನೆವಾರ್ತೆ ಕಲಿಯಲಿ ಅಂತ ಉದ್ದೇಶ. ಆ ಮನೆ ಈಗ ಇಲ್ಲ, ಅದರ ಬಗ್ಗೆ ಅಚ್ಚಾದ ಹಾಳೆ ಉಳಿದಿದೆ. ಇನ್ನು ಇಂಗ್ಲೆಂಡಿನ ರಾಣಿ ಮೇರಿಗಾಗಿ 1921ರಿಂದ 1924ರವರೆಗೆ ಕಟ್ಟಿದ ಗೊಂಬೆಮನೆ ಇದೆ. ಹೊಸ ದಿಲ್ಲಿ ಕಟ್ಟುತ್ತಿದ್ದ ಲುಟಿಯೆನ್ಸ್ ಅದೇ ಹೊತ್ತಿಗೆ ಇದನ್ನೂ ವಿನ್ಯಾಸ ಮಾಡಿದ. ಎಲ್ಲವೂ ಹನ್ನೆರಡರಲ್ಲಿ ಒಂದು ಪಾಲು, ಅಂದರೆ ಒಂದು ಅಡಿಗೆ ಒಂದು ಇಂಚು. ನಲ್ಲಿಯಲ್ಲಿ ನೀರು ಬರುತ್ತೆ, ದೀಪ ಉರಿಯುತ್ತೆ, ಲಿಫ್ಟ್ ಓಡುತ್ತೆ. ಇವತ್ತಿಗೂ ಗೊಂಬೆಮನೆ ಮಾಡುವವರ ಅಳತೆ ಹೆಚ್ಚಾಗಿ ಈ 1:12.

ನಮ್ಮಲ್ಲಿ ಗೋಡೆ ಇಲ್ಲ, ಮೆಟ್ಟಿಲು ಇದೆ. ಮನೆ ಇಲ್ಲದಿದ್ದರೂ ಮನೆಯೊಳಗಿನ ಸಾಮಾನೆಲ್ಲ ಇದೆ. ಅದನ್ನು ಮಾಡುವ ವಿದ್ಯೆಯನ್ನು ಬರೆದಿಟ್ಟವನೂ ನಮ್ಮವನೇ. ಕಲ್ಯಾಣದ (ಈಗಿನ ಬಸವಕಲ್ಯಾಣ) ಚಾಲುಕ್ಯ ದೊರೆ ಮೂರನೇ ಸೋಮೇಶ್ವರ, 1130ರ ಆಸುಪಾಸಿನಲ್ಲಿ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಮೇಣದ ಅಚ್ಚಿನಿಂದ ಲೋಹದ ವಿಗ್ರಹ ಎರಕ ಹೊಯ್ಯುವ ಕ್ರಮ ಇದೆ. ಮೇಣದಲ್ಲಿ ರೂಪ ಮಾಡು. ಲೋಹ ಇಳಿಯಲು ಮೇಣದ ಕೊಳವೆ ಅಂಟಿಸು. ಸುಟ್ಟ ಹೊಟ್ಟು, ಸಣ್ಣಗೆ ಮಾಡಿದ ಹತ್ತಿ, ಸ್ವಲ್ಪ ಉಪ್ಪು ಸೇರಿಸಿ ಅರೆದ ಮಣ್ಣನ್ನು ತೆಳ್ಳಗೆ ಬಳಿದು ನೆರಳಲ್ಲಿ ಒಣಗಿಸು. ಅದರ ಮೇಲೆ ಇನ್ನೆರಡು ಪದರ. ಆಮೇಲೆ ಕಾಯಿಸಿ ಮೇಣ ಇಳಿಸಿ, ಆ ಖಾಲಿ ಜಾಗಕ್ಕೆ ಕರಗಿದ ಲೋಹ ಸುರಿ.

ನನ್ನಂಥ ಇಂಜಿನಿಯರಿಗೆ ಖುಷಿ ಕೊಟ್ಟಿದ್ದು ಅವನ ಲೆಕ್ಕ. ಮಣ್ಣು ಬಳಿಯುವ ಮುಂಚೆಯೇ ಮೇಣವನ್ನು ತೂಗಬೇಕು. ಹಿತ್ತಾಳೆ, ತಾಮ್ರಕ್ಕೆ ಮೇಣದ ಎಂಟರಿಂದ ಹತ್ತು ಪಟ್ಟು (ಪಾಠಾಂತರ ಇದೆ), ಬೆಳ್ಳಿಗೆ ಹನ್ನೆರಡು ಪಟ್ಟು, ಚಿನ್ನಕ್ಕೆ ಹದಿನಾರು ಪಟ್ಟು. ಇವತ್ತಿನ ಸಾಂದ್ರತೆಯ ಲೆಕ್ಕ ಹಾಕಿದರೆ ಹಿತ್ತಾಳೆಗೆ ಹೆಚ್ಚುಕಡಿಮೆ ಒಂಬತ್ತು, ಬೆಳ್ಳಿಗೆ ಹನ್ನೊಂದು. ಬೆಳ್ಳಿಗೆ ಸ್ವಲ್ಪ ಜಾಸ್ತಿ ಇಟ್ಟುಕೊಂಡಿದ್ದಾನೆ, ಎರಕದಲ್ಲಿ ಕೊಳವೆಗೂ ಲೋಹ ಬೇಕಲ್ಲ! ಚಿನ್ನದ ಹದಿನಾರು ಅಪ್ಪಟ ಚಿನ್ನಕ್ಕೆ ಕಡಿಮೆ, ಬೆರಕೆ ಚಿನ್ನಕ್ಕೆ ಸರಿ. ಈಗಿನ ಒಡವೆ ಕಾರ್ಖಾನೆಗಳಲ್ಲಿ ಕಂಪ್ಯೂಟರಿನಲ್ಲಿ ಬಿಡಿಸಿ, ತ್ರೀಡಿ ಪ್ರಿಂಟರಿನಲ್ಲಿ ಮೇಣದ ಮಾದರಿ ತೆಗೆದು ಎರಕ ಹೊಯ್ಯುತ್ತಾರೆ. ಅಲ್ಲೂ ಮೊದಲು ಮೇಣ ತೂಗಿ ಇಂಥದೇ ಒಂದು ಸಂಖ್ಯೆಯಿಂದ ಗುಣಿಸುತ್ತಾರೆ. ಒಂಬೈನೂರು ವರ್ಷದ ಹಳೇ ಫಾರ್ಮುಲಾ ಇನ್ನೂ ಓಡ್ತಾ ಇದೆ.

ಸಣ್ಣದು ಮಾಡೋದು ಸುಲಭ, ಎಲ್ಲಾ ಅಳತೆಯನ್ನೂ ಭಾಗಿಸಿದರೆ ಆಯ್ತು ಅಂತ ಅನ್ನಿಸಬಹುದು. ಹಾಗಿಲ್ಲ. ನಮ್ಮ ಮನೆಯ ಆಟದ ಬಿಂದಿಗೆ ಐದು ಸೆಂಟಿಮೀಟರ್ ಎತ್ತರ. ನಿಜವಾದ ಬಿಂದಿಗೆ ನಲವತ್ತು ಅಂತ ಇಟ್ಟುಕೊಳ್ಳಿ, ಎಂಟರಲ್ಲಿ ಒಂದು ಪಾಲು. ತೂಕ ಮಾತ್ರ ಎಂಟರಲ್ಲಿ ಒಂದಲ್ಲ, ಎಂಟು ಗುಣಿಸು ಎಂಟು ಗುಣಿಸು ಎಂಟು, ಅಂದರೆ 512ರಲ್ಲಿ ಒಂದು ಪಾಲು ಆಗಬೇಕು. ಮೂರು ಕಿಲೋ ಬಿಂದಿಗೆ ಆರು ಗ್ರಾಮಿಗೆ ಇಳಿಯಬೇಕು. ನಮ್ಮದು ಐವತ್ತೈದು ಗ್ರಾಂ ಇದೆ! ಯಾಕೆಂದರೆ ತಗಡಿನ ದಪ್ಪವನ್ನು ಯಾರೂ ಎಂಟರಿಂದ ಭಾಗಿಸಲು ಆಗಲ್ಲ. ಒಂದು ಮಿಲಿಮೀಟರ್ ತಗಡು ಕಾಗದದಷ್ಟು ತೆಳ್ಳಗಾಗುತ್ತೆ, ಎರಕದ ಲೋಹ ಅಷ್ಟು ಸಂದಿಯಲ್ಲಿ ಹರಿಯುವ ಮೊದಲೇ ತಣ್ಣಗಾಗುತ್ತೆ, ಹರಿದರೂ ಮಕ್ಕಳ ಕೈಯಲ್ಲಿ ಒಂದು ದಿನ ಬಾಳಲ್ಲ. ಅದಕ್ಕೇ ಈ ಪಾತ್ರೆಗಳು ಕೈಗೆ ತಗೊಂಡರೆ ನೋಡಿದ್ದಕ್ಕಿಂತ ಭಾರ. ಕಂಚುಗಾರ ಆಕಾರವನ್ನು ಚಿಕ್ಕದು ಮಾಡಿದ, ದಪ್ಪವನ್ನು ಹಾಗೇ ಬಿಟ್ಟ. ಯಾವುದನ್ನು ಇಳಿಸಬೇಕು, ಯಾವುದನ್ನು ಇಳಿಸಬಾರದು ಅನ್ನೋದೇ ಈ ವಿದ್ಯೆಯ ಸಾರ.

ಇನ್ನೊಂದು ವಿಷಯ ಭೂತಗನ್ನಡಿಯಲ್ಲಿ ನೋಡಿದಾಗ ಕಂಡಿತು. ದೊಡ್ಡ ಬಿಂದಿಗೆಯನ್ನು ಎರಡು ಭಾಗ ಮಾಡಿ ಹೊಟ್ಟೆಯ ಹತ್ತಿರ ಬೆಸೆದಿರುತ್ತಾರೆ, ಸುತ್ತ ಒಂದು ಗೆರೆ ಕಾಣುತ್ತೆ. ಆಟದ ಬಿಂದಿಗೆ ಒಂದೇ ಎರಕ, ಬೆಸುಗೆಯೇ ಇಲ್ಲ. ಆದರೂ ಅದೇ ಜಾಗದಲ್ಲಿ ಒಂದು ಗೆರೆ ಕೊರೆದಿದ್ದಾರೆ! ಬೆಸುಗೆ ಇಲ್ಲದಿದ್ದರೆ ಅದು ಬಿಂದಿಗೆ ಹೇಗಾಗುತ್ತೆ ಅಂತ ಮಾಡಿದವನಿಗೆ ಅನ್ನಿಸಿರಬೇಕು.

ನಮ್ಮ ಸೀಮೆಗೂ ಸಣ್ಣ ಲೋಹದ ಕೆಲಸಕ್ಕೂ ನಂಟು ಹಳೆಯದು. 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆ ಆದಾಗ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಜೊತೆ ಚನ್ನಪಟ್ಟಣವೂ ಅದರಲ್ಲೇ ಇತ್ತು. 2007ರಲ್ಲಿ ರಾಮನಗರ ಜಿಲ್ಲೆಯಾಗಿ ಬೇರೆಯಾಯಿತು. ಚನ್ನಪಟ್ಟಣ ಅಂದರೆ ನಮಗೆ ಆಲೆಮರದ ಬಣ್ಣದ ಗೊಂಬೆ. ಆದರೆ 1800ರಲ್ಲಿ ಆ ದಾರಿಯಲ್ಲಿ ಬಂದ ಬುಕನನ್ ಅಲ್ಲಿ ಗುರುತಿಸಿದ ಕಸುಬುಗಳಲ್ಲಿ ಒಂದು ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ. ಇಲ್ಲಿ ಎಳೆದ ತಂತಿ ದೂರ ದೂರದ ಊರಿಗೆ ಹೋಗುತ್ತಿತ್ತಂತೆ. 1:12ರ ಗೊಂಬೆಮನೆಗೆ ಬಾಗಿಲು ಮಾಡಲು ಹೊರಟರೆ ಈ ತಂತಿಯ ಬೆಲೆ ಗೊತ್ತಾಗುತ್ತೆ. ನಾಲ್ಕಿಂಚಿನ ಕೀಲು ಎಂಟು ಮಿಲಿಮೀಟರ್ ಆಗುತ್ತೆ, ಅದರೊಳಗಿನ ಕಡ್ಡಿ ಅರ್ಧ ಮಿಲಿಮೀಟರಿನ ಆಸುಪಾಸು. ಅಕ್ಕನ ಮಗಳಿಗೆ ತೊಟ್ಟಿಮನೆ ಮಾಡಿಕೊಡುವಾಗ ನಾನು ವಾದ್ಯದ ಅಂಗಡಿಯಿಂದ ತಂದ ವೀಣೆ ತಂತಿಯನ್ನೇ ಕೀಲಿಗೆ ಹಾಕಿದೆ. ಬಗ್ಗಲ್ಲ, ತುಕ್ಕು ಬೇಗ ಹಿಡಿಯಲ್ಲ, ಬಾಗಿಲು ಸಲೀಸಾಗಿ ತಿರುಗುತ್ತೆ.

ಅದೇ ತಾಲ್ಲೂಕಿನ ದೊಡ್ಡಮಳೂರಿನ ಅಂಬೆಗಾಲು ಕೃಷ್ಣನಿಗೆ ಮಕ್ಕಳಿಲ್ಲದವರು ಹರಕೆ ಹೊತ್ತು ಪುಟ್ಟ ತೊಟ್ಟಿಲು ಒಪ್ಪಿಸುತ್ತಾರೆ, ಮರದ್ದೂ ಉಂಟು, ಬೆಳ್ಳಿಯದೂ ಉಂಟು. ಅಂಗೈಯಗಲದ ತೊಟ್ಟಿಲನ್ನು ಅಲ್ಲಿ ಯಾರೂ ಆಟಿಕೆ ಅಂತ ನೋಡಲ್ಲ. ಒಂದು ಮನೆಯ ಆಸೆಯೆಲ್ಲಾ ಅದರಲ್ಲಿ ಇರುತ್ತೆ.

ಈಗ ನನ್ನ ಮುಖ್ಯ ಮಾತಿಗೆ ಬರ್ತೀನಿ. ದೊಡ್ಡಬಳ್ಳಾಪುರದ ನಮ್ಮಜ್ಜಿ ಮನೆಯಲ್ಲಿ ಒಂದು ಕಾಲಕ್ಕೆ ಗುಡಾಣ, ಹಂಡೆ, ಕೊಳದಪ್ಪಲೆ, ಸೇರು, ಪಾವು, ಶ್ಯಾವಿಗೆ ಒರಳು ಎಲ್ಲಾ ಇತ್ತಂತೆ. ನಾನು ಹುಟ್ಟುವ ಹೊತ್ತಿಗೆ ಒಂದೂ ಇರಲಿಲ್ಲ. ಕೆಲವು ಅತ್ತೆಯಂದಿರ ಮದುವೆಗೆ ಮಾರಿದ್ದು, ಉಳಿದದ್ದು ಸ್ಟೀಲ್ ಪಾತ್ರೆಗೆ ಬದಲಾಯಿಸಿದ್ದು. ಹಿತ್ತಾಳೆಗೆ ಕಲಾಯಿ ಹಾಕಿಸಬೇಕು, ಹುಣಸೆಹಣ್ಣಿನಲ್ಲಿ ತಿಕ್ಕಬೇಕು; ಸ್ಟೀಲಿಗೆ ಅದ್ಯಾವುದೂ ಬೇಡ. ತಿಕ್ಕುವವರ ಕಷ್ಟ ತಿಕ್ಕುವವರಿಗೇ ಗೊತ್ತು, ಹಾಗಾಗಿ ಬದಲಾಯಿಸಿದ್ದು ತಪ್ಪು ಅಂತ ನಾನು ಹೇಳಲ್ಲ.

"ಮತ್ತೆ ಈ ಆಟದ್ದು ಹೇಗೆ ಉಳೀತಜ್ಜಿ?" ಅಂತ ಕೇಳಿದ್ದೆ.

"ಅದನ್ನೂ ತಕ್ಕಡಿಗೆ ಹಾಕಿದ್ದೆ ಕಣಪ್ಪ. ಇದೇನೂ ತೂಕಕ್ಕೆ ಬರಾಕಿಲ್ಲ, ಮಕ್ಕಳಿಗೆ ಇಟ್ಕೊಳವ್ವ ಅಂತ ಅವನೇ ವಾಪಸ್ ಕೊಟ್ಟ" ಅಂದರು.

ಹದಿಮೂರು ಪಾತ್ರೆ, ಎಲ್ಲಾ ಸೇರಿ ಅರ್ಧ ಕಿಲೋ ಇಲ್ಲ. ತೂಕಕ್ಕೆ ಬಾರದ್ದರಿಂದಲೇ ಉಳಿಯಿತು. ಈಗ ಆ ಮನೆಯ ಅಡುಗೆಮನೆ ಹೇಗಿತ್ತು ಅನ್ನೋದಕ್ಕೆ ಇರುವ ಸಾಕ್ಷಿ ಇದೊಂದೇ.

ಮ್ಯೂಸಿಯಂಗಳಿಲ್ಲವೇ ಅಂತ ಕೇಳಬಹುದು. ಇವೆ. ಎಚ್.ಎಲ್. ನಾಗೇಗೌಡರು ರಾಮನಗರದ ಹತ್ತಿರ ಕಟ್ಟಿದ, 1994ರಲ್ಲಿ ಶುರುವಾದ ಜಾನಪದ ಲೋಕಕ್ಕೆ ಹೋದರೆ ದೊಡ್ಡ ದೊಡ್ಡ ಪಾತ್ರೆ ಪಗಡಿ ಎಲ್ಲಾ ನೋಡಬಹುದು. ಆದರೆ ಅಲ್ಲಿ ಒಂದು ಪಾತ್ರೆ ಒಂದು ಊರಿನದು, ಇನ್ನೊಂದು ಇನ್ನೊಂದು ಊರಿನದು. ಆಟದ ಸೆಟ್ಟಿನಲ್ಲಿ ಒಂದು ಮನೆಯ ಪೂರ್ತಿ ಸಂಸಾರ ಇರುತ್ತೆ, ಯಾವುದರ ಪಕ್ಕ ಯಾವುದು, ಯಾವುದಕ್ಕಿಂತ ಯಾವುದು ದೊಡ್ಡದು ಅನ್ನೋದರ ಸಮೇತ. 1956ರ ಕಾಯಿದೆಯಿಂದ ಕಿಲೋ, ಲೀಟರ್ ಬಂದ ಮೇಲೆ ಸೇರು, ಪಾವು, ಚಟಾಕು ಅಂಗಡಿಯಿಂದ ಹೋದವು. ನಮ್ಮ ಸೆಟ್ಟಿನಲ್ಲಿ ಮಾತ್ರ ಮೂರೂ ಸಾಲಾಗಿ ನಿಂತಿವೆ.

ಹಾಗಂತ ಆಟಿಕೆಯನ್ನು ಪೂರ್ತಿ ನಂಬುವ ಹಾಗೂ ಇಲ್ಲ. ನಮ್ಮ ಸೆಟ್ಟಿನಲ್ಲಿ ಒಲೆಯೂ ಹಿತ್ತಾಳೆಯದೇ. ಅಜ್ಜಿ ಮನೆಯ ಒಲೆ ಮಣ್ಣಿನದು. ಅನ್ನದ ಪಾತ್ರೆ ಇದೆ, ಮುದ್ದೆ ತಿರುವುವ ಕೋಲು ಇಲ್ಲ, ಅದು ಮರದ್ದು ನೋಡಿ! ಅದೇ ಬೀದಿಯಲ್ಲಿ ಎಷ್ಟೋ ನೇಕಾರರ ಮನೆಗಳಲ್ಲಿ ಮಡಿಕೆ ಕುಡಿಕೆಯೇ ಆಸ್ತಿ, ಅವರ ಅಡುಗೆಮನೆಗೆ ಹಿತ್ತಾಳೆ ಆಟಿಕೆ ಯಾರೂ ಮಾಡಲಿಲ್ಲ. ಇತಿಹಾಸದಲ್ಲಿ ಯಾರ ಮನೆ ಉಳಿಯುತ್ತೆ, ಯಾರದು ಮಣ್ಣಾಗುತ್ತೆ ಅನ್ನೋದು ಆಟಿಕೆಯಲ್ಲೂ ಹಾಗೇ ಇದೆ. ಮಾಡಿದವನ ಹೆಸರಂತೂ ಯಾವ ಪಾತ್ರೆಯ ತಳದಲ್ಲೂ ಇಲ್ಲ. ಬರೆಸಿದ ಸೋಮೇಶ್ವರನ ಹೆಸರು ನಮಗೆ ಗೊತ್ತು, ಮೇಣ ತೂಗಿದವನದು ಗೊತ್ತಿಲ್ಲ.

ಇವು ಮಾತಾಡುವುದು ಹೆಸರು ಹೇಳುವವರು ಇರುವ ತನಕ ಮಾತ್ರ. ಅಕ್ಕನ ಮಗಳಿಗೆ ಹದಿಮೂರರಲ್ಲಿ ನಾಲ್ಕು ಪಾತ್ರೆ ಗೊತ್ತು. ನನಗೂ ಅಜ್ಜಿ ಹೇಳದಿದ್ದರೆ ಗುಡಾಣಕ್ಕೂ ಹಂಡೆಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಅದಕ್ಕೆ ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಮನೆಯ ಅಟ್ಟದಲ್ಲೋ, ಗೊಂಬೆ ಪೆಟ್ಟಿಗೆಯಲ್ಲೋ ಇಂಥ ಪಾತ್ರೆ ಇದ್ದರೆ ಈ ದಸರಾಕ್ಕೆ ಹೊರಗೆ ತೆಗೆಯಿರಿ. ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ಮನೆಯಲ್ಲಿ ಹಿರಿಯರಿದ್ದರೆ ಒಂದೊಂದರ ಹೆಸರು, ಅದರಲ್ಲಿ ಏನು ಬೇಯಿಸುತ್ತಿದ್ದರು ಅಂತ ಕೇಳಿ ಬರೆದುಕೊಳ್ಳಿ. ಒಂದೇ ಪಾತ್ರೆಗೆ ಹಾಸನದಲ್ಲಿ ಒಂದು ಹೆಸರು, ಧಾರವಾಡದಲ್ಲಿ ಇನ್ನೊಂದು ಇರುತ್ತೆ, ಎರಡೂ ಬೇಕು. ಆಮೇಲೆ ನಿಮ್ಮ ನಿಮ್ಮ ಬ್ಲಾಗಿನಲ್ಲಿ ಹಾಕಿ. ಅರ್ಧ ಗಂಟೆ ಕೆಲಸ ಅಷ್ಟೇ, ಹೇಳುವವರು ಇನ್ನೂ ಇರುವಾಗ ಮಾಡಿದರೆ.